ರಜೆಯ ದಿನಗಳಲ್ಲಿ ಮಕ್ಕಳ ಹಲ್ಲುಗಳ ರಕ್ಷಣೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹಲ್ಲೂ ಉಂಟು, ಕಡಲೆಯೂ ಉಂಟು. ಇಲ್ಲದಿರುವುದು ಹೊತ್ತುಗೊತ್ತು ಮಾತ್ರ. ಶಾಲೆಯ ದಿನಗಳಲ್ಲಿ ಗಂಟೆಗೆ ತಕ್ಕಂತೆ ಊಟ ತಿಂಡಿ ನಡೆಯುತ್ತದೆ. ರಜೆ ಬಂತೆಂದರೆ ಬಾಯಿಗೆ ಬಿಡುವೇ ಇಲ್ಲ.

ರಜೆಯಲ್ಲಿ ಅನೇಕ ಕುಟುಂಬಗಳು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಪಳನಿಗೆ ಯಾತ್ರೆ ಹೋಗುವುದುಂಟು. ಅದರಾಚೆಗೆ ತೇನಿ ಜಿಲ್ಲೆಯ ಕಂಬಂ ಕಣಿವೆಯಿದೆ. ಅಲ್ಲಿ ತಲೆಮಾರುಗಳಿಂದ ನೆಲೆಸಿರುವ ಕಪ್ಪಿಲಿಯರ್ ಜನರ ಮನೆಮಾತು ಕನ್ನಡ. ಅಲ್ಲಿ ಅಜ್ಜಿಯ ಮನೆಗೆ ಬಂದ ಮಗುವಿಗೆ ಪನ್ನೀರ್ ದ್ರಾಕ್ಷಿಗೆ ಕೊರತೆಯಿಲ್ಲ. ಪಳನಿಗೆ ಹೋದವರು ಪಂಚಾಮೃತದ ಡಬ್ಬಿ ತಾರದೆ ಮರಳುವುದಿಲ್ಲ. ಬಾಳೆಹಣ್ಣು, ಬೆಲ್ಲ, ಜೇನು, ತುಪ್ಪ, ಏಲಕ್ಕಿ ಸೇರಿದ ಈ ಪ್ರಸಾದಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಪ್ರಸಾದವನ್ನು ಬೇಡವೆನ್ನಲಾದೀತೇ? ಬೇಡವೆನ್ನಬೇಕಾಗಿಯೂ ಇಲ್ಲ. ಹೋಗುತ್ತಾ ಬರುತ್ತಾ ಡಬ್ಬಿಗೆ ಬೆರಳದ್ದಿ ನೆಕ್ಕುವ ಅಭ್ಯಾಸವೇ ಹಲ್ಲಿಗೆ ಶತ್ರು.

ಅದು ಹೇಗೆಂದು ತಿಳಿಯೋಣ. ನಮ್ಮ ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲನ್ನು ಕರಗಿಸತೊಡಗುತ್ತದೆ. ಜೊಲ್ಲು ಈ ಆಮ್ಲವನ್ನು ತಗ್ಗಿಸಿ ಹಲ್ಲನ್ನು ಸರಿಪಡಿಸುತ್ತದೆ. ಆದರೆ ಅದಕ್ಕೆ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ ಕಾಲ ಬೇಕು. ಅಷ್ಟರಲ್ಲಿ ಮತ್ತೆ ಸಿಹಿ ಬಿದ್ದರೆ ರಿಪೇರಿ ನಿಂತುಹೋಗುತ್ತದೆ. ಆದ್ದರಿಂದ ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಸಲ ತಿಂದೆವು ಎಂಬುದು ಮುಖ್ಯ. ಪಂಚಾಮೃತವನ್ನು ಊಟದ ಜೊತೆಗೇ ಕೊಟ್ಟು, ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿರಿ.

ಹಾಲುಹಲ್ಲು ಹೇಗೂ ಬಿದ್ದುಹೋಗುವುದಲ್ಲವೇ ಎಂದು ಕೆಲವು ತಂದೆತಾಯಿಯರು ಉದಾಸೀನ ಮಾಡುತ್ತಾರೆ. ಇಲ್ಲಿಯೇ ಮೋಸಹೋಗುವುದು. ಸುಮಾರು ಆರನೆಯ ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಅವುಗಳ ಹಿಂದೆ ಸದ್ದಿಲ್ಲದೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ಎಣಿಸಿ ಹುಳುಕಾಗಲು ಬಿಟ್ಟರೆ, ಆ ಹಲ್ಲು ಹೋದ ಮೇಲೆ ಇನ್ನೊಂದು ಬರುವುದಿಲ್ಲ. ವಿದ್ಯಾರ್ಥಿಗಳೇ, ನಿಮಗೂ ಹನ್ನೆರಡರ ಸುಮಾರಿಗೆ ಎರಡನೆಯ ದವಡೆಹಲ್ಲು ಬಂದಿರುತ್ತದೆ. ಬ್ರಷ್ಷು ಅಲ್ಲಿಯವರೆಗೂ ತಲುಪುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿರಿ.

ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ, ರಾತ್ರಿ ಹಲ್ಲುಜ್ಜಿ ಮಲಗುವುದು ಅತಿ ಮುಖ್ಯ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಬೇಕು. ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಅದನ್ನು ನುಂಗದೆ ಉಗುಳಬೇಕು. ಇದ್ದಿಲು, ಇಟ್ಟಿಗೆಪುಡಿಗಳು ಎನಾಮಲನ್ನು ಸವೆಸುತ್ತವೆ.

ನೀರಿನ ವಿಷಯವನ್ನೂ ಹೇಳಬೇಕು. ನಮ್ಮ ಕೋಲಾರ, ಪಾವಗಡಗಳಲ್ಲಿರುವಂತೆ ದಿಂಡಿಗಲ್ ಜಿಲ್ಲೆಯ ಕೆಲವೆಡೆಯೂ ಅಂತರ್ಜಲದಲ್ಲಿ ಫ್ಲೋರೈಡ್ ಅತಿಯಾಗಿದೆ. ಹಲ್ಲುಗಳು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅಂಥ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ, ಕಂದು ಕಲೆಗಳು ಮೂಡುತ್ತವೆ. ಉಜ್ಜಿದರೆ ಅವು ಹೋಗುವುದಿಲ್ಲ. ಅದು ಮಗುವಿನ ಕೊಳಕುತನವೂ ಅಲ್ಲ. ಅಂಥ ಮಕ್ಕಳನ್ನು ಯಾರೂ ಹಾಸ್ಯ ಮಾಡಬಾರದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ಪರೀಕ್ಷಿಸಿದ ಸುರಕ್ಷಿತ ನೀರೇ ಬೇಕು.

ಆಟದಲ್ಲಿ ಬಿದ್ದು, ಇಲ್ಲವೆ ಸುರುಳಿ ಜಲಪಾತದಂಥ ಕಡೆ ಬಂಡೆಯ ಮೇಲೆ ಜಾರಿ, ಶಾಶ್ವತ ಹಲ್ಲು ಕಿತ್ತುಬಂದರೆ ಅದನ್ನು ಎಸೆಯಬೇಡಿರಿ. ಬೇರನ್ನು ಮುಟ್ಟದೆ, ಮೇಲ್ಭಾಗವನ್ನು ಹಿಡಿದೆತ್ತಿ ಹಾಲಿನಲ್ಲಿಟ್ಟು, ಒಂದು ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ, ದಂತವೈದ್ಯರ ಬಳಿ ಒಯ್ಯಿರಿ. ಮತ್ತೆ ಕೂರಿಸಬಹುದು.

ರಜೆ ಮುಗಿಯುವ ಮುನ್ನ ಒಮ್ಮೆ ಮಕ್ಕಳ ಹಲ್ಲುಗಳನ್ನು ವೈದ್ಯರಿಗೆ ತೋರಿಸೋಣ. ಶಾಲೆ ತೆರೆದ ದಿನ ಹೊಸ ಪುಸ್ತಕಗಳೊಂದಿಗೆ ನೋವಿಲ್ಲದ ನಗುವೂ ತರಗತಿಗೆ ಬರಲಿ ಎಂಬುದೇ ನಮ್ಮ ಹಾರೈಕೆ.