ಎಕ್ಸ್‌ಟೆಂಡೆಡ್ ವಾರಂಟಿ: ಕೌಂಟರ್‌ನಲ್ಲಿ ಹೂಂ ಅನ್ನುವ ಮೊದಲು

ಫ್ರಿಜ್ ಆರಿಸಿ, ಚೌಕಾಸಿ ಮುಗಿಸಿ, ಇಎಂಐ ಕಾಗದಕ್ಕೆ ಸಹಿಯನ್ನೂ ಹಾಕಿದ ಮೇಲೆ ಅಂಗಡಿಯವರು ಕೊನೆಯದಾಗಿ ಒಂದು ಮಾತು ಕೇಳುತ್ತಾರೆ: ‘ಸರ್, ಇನ್ನೊಂದು ಮೂರು ಸಾವಿರ ಹಾಕಿದ್ರೆ ಮೂರು ವರ್ಷ ಫುಲ್ ಟೆನ್ಷನ್ ಫ್ರೀ. ಸೇರಿಸಿಬಿಡ್ಲಾ?’ ದಸರಾ, ದೀಪಾವಳಿ ಆಫರ್‌ಗಳ ನೂಕುನುಗ್ಗಲಿನಲ್ಲಿ ಯೋಚಿಸಲು ಪುರುಸೊತ್ತಿರುವುದಿಲ್ಲ. ಮೂವತ್ತು ಸಾವಿರ ಕೊಟ್ಟಾಗಿದೆ, ಇನ್ನು ಮೂರು ಸಾವಿರ ಯಾವ ಲೆಕ್ಕ ಅನಿಸುವುದೂ ಸಹಜ.

ಆ ಹೊತ್ತಿಗೆ ‘ಈಗ ಬೇಡ’ ಅನ್ನಿ. ಹಲವು ಕಂಪನಿಗಳು ಮೂಲ ವಾರಂಟಿ ಚಾಲ್ತಿಯಲ್ಲಿರುವವರೆಗೂ ತಮ್ಮ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾರುತ್ತವೆ. ಕೊನೆಯ ದಿನ ಯಾವುದೆಂದು ಕಂಪನಿಯ ಗ್ರಾಹಕ ಸೇವಾ ಸಂಖ್ಯೆಗೆ ಫೋನ್ ಮಾಡಿ ಕೇಳಿಕೊಳ್ಳಿ. ನಿರ್ಧಾರ ಮಾತ್ರ ಮನೆಯಲ್ಲಿ ಕೂತು ಆಗಲಿ.

ಮೊದಲು ಕಂಪನಿಯ ಕಾರ್ಡ್ ಓದಿ

ಪೆಟ್ಟಿಗೆಯೊಳಗೆ ಬರುವ ವಾರಂಟಿ ಕಾರ್ಡನ್ನು ಬಿಡಿಸಿ ಓದುವವರು ಕಡಿಮೆ. ಹಲವು ಇನ್ವರ್ಟರ್ ಫ್ರಿಜ್ ಮತ್ತು ಎಸಿಗಳ ಕಂಪ್ರೆಸರ್‌ಗೆ, ಎಷ್ಟೋ ವಾಷಿಂಗ್ ಮಷಿನ್‌ಗಳ ಮೋಟರ್‌ಗೆ ಕಂಪನಿಯೇ 10 ವರ್ಷದ ವಾರಂಟಿ ಕೊಟ್ಟಿರುತ್ತದೆ. ಅಂದರೆ ಅತಿ ದುಬಾರಿ ಭಾಗಕ್ಕೆ ಆಗಲೇ ರಕ್ಷಣೆಯಿದೆ. ಆದರೆ ಅದು ಸಾಮಾನ್ಯವಾಗಿ ಭಾಗಕ್ಕಷ್ಟೇ. ಮೆಕ್ಯಾನಿಕ್ ಕೂಲಿ, ಗ್ಯಾಸ್ ತುಂಬಿಸುವ ಖರ್ಚು ನಿಮ್ಮದೇ. ಇನ್ನುಳಿಯುವುದು ಎಲೆಕ್ಟ್ರಾನಿಕ್ ಬೋರ್ಡ್, ಫ್ಯಾನ್ ಮೋಟರ್, ಡ್ರೈನ್ ಪಂಪ್‌ನಂಥವು. ನೀವು ಹೆಚ್ಚುವರಿ ಹಣ ಕೊಡುವುದು ಬಹುಪಾಲು ಇವುಗಳಿಗಾಗಿ.

ನಂತರ ಒಂದು ಭಾಗಾಕಾರ

ಊರಿನ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ, ಆ ಮಾಡೆಲ್‌ನ ಬೋರ್ಡ್ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. 4,500 ರೂಪಾಯಿ ಎಂದರು ಅನ್ನೋಣ. ಮೊದಲ ಉಚಿತ ವರ್ಷ ಕಳೆದರೆ ವಾರಂಟಿಗೆ ಎರಡು ವರ್ಷಕ್ಕೆ 3,000 ರೂಪಾಯಿ. ಅಂಥ ಮೂರು ಫ್ರಿಜ್‌ಗಳಲ್ಲಿ ಎರಡರ ಬೋರ್ಡ್ ಆ ಎರಡೇ ವರ್ಷದಲ್ಲಿ ಸುಟ್ಟರಷ್ಟೇ ಲೆಕ್ಕ ಸರಿಹೋಗುತ್ತದೆ. ಅಷ್ಟು ಕೆಡುವ ಫ್ರಿಜ್ ಆದರೆ ಕೊಳ್ಳಲೇಬಾರದು.

ಆ ವರ್ಷಗಳಲ್ಲಿ ಯಂತ್ರ ಅಷ್ಟಾಗಿ ಕೆಡದಿರುವುದಕ್ಕೆ ಒಂದು ಕಾರಣವಿದೆ. ತಯಾರಿಕೆಯಲ್ಲಿ ಉಳಿದ ದೋಷ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಹೊರಬೀಳುತ್ತದೆ. ಆಗ ಉಚಿತ ವಾರಂಟಿ ಇದ್ದೇ ಇರುತ್ತದೆ. ಸವೆದು ಕೆಡುವುದು ಎಷ್ಟೋ ವರ್ಷದ ಬಳಕೆಯ ನಂತರ. ಇವೆರಡರ ನಡುವಿನ ವರ್ಷಗಳಲ್ಲಿ ಯಂತ್ರ ಸಾಮಾನ್ಯವಾಗಿ ತಕರಾರಿಲ್ಲದೆ ಓಡುತ್ತದೆ, ಎಕ್ಸ್‌ಟೆಂಡೆಡ್ ವಾರಂಟಿ ಮಾರುವುದು ಅದೇ ವರ್ಷಗಳಿಗೆ. ನೀವು ಕೊಡುವ ಹಣದಲ್ಲಿ ಅಂಗಡಿಯ ಕಮಿಷನ್, ಮಾರುವವರ ಲಾಭ, ಶೇ 18ರ ಜಿಎಸ್‌ಟಿ ಎಲ್ಲವೂ ಸೇರಿದೆ ಎಂಬುದನ್ನೂ ಮರೆಯಬೇಡಿ.

ದೊಡ್ಡ ಟಿವಿಯ ಲೆಕ್ಕ ಬೇರೆ. 50,000 ರೂಪಾಯಿಯ 55 ಇಂಚಿನ ಟಿವಿಯ ಪ್ಯಾನೆಲ್ ಹೋದರೆ ಅರ್ಧಕ್ಕಿಂತ ಹೆಚ್ಚು ಬೆಲೆಯೇ ಹೋದಂತೆ. 5,000 ರೂಪಾಯಿಯ ವಾರಂಟಿ 30,000 ರೂಪಾಯಿಯ ಪ್ಯಾನೆಲ್‌ಗೆ ಅನ್ವಯಿಸುವುದಾದರೆ ಯೋಚಿಸಬಹುದು. ಅಷ್ಟು ಹಣ ಒಮ್ಮೆಲೇ ಹೊಂದಿಸುವುದು ಮನೆಗೆ ಕಷ್ಟವಾದರೆ ಕೊಳ್ಳಿ, ಇಲ್ಲವಾದರೆ ಬೇಡ. ದಿನವಿಡೀ ದುಡಿಸುವ ಲ್ಯಾಪ್‌ಟಾಪ್‌ಗೂ ಹೀಗೆಯೇ: ಮದರ್‌ಬೋರ್ಡ್ ದುಬಾರಿ, ಕೆಲಸ ನಿಂತರೆ ನಷ್ಟ. ತಯಾರಕರೇ ಮನೆಗೆ ಬಂದು ರಿಪೇರಿ ಮಾಡಿಕೊಡುವ ಯೋಜನೆ ಇದ್ದರೆ ಅದಕ್ಕೆ ಹಣ ಹಾಕಬಹುದು. ಮೊಬೈಲ್‌ಗೆ ಬರೀ ಎಕ್ಸ್‌ಟೆಂಡೆಡ್ ವಾರಂಟಿ ಬೇಡ; ಫೋನ್ ಹಾಳಾಗುವುದು ಹೆಚ್ಚಾಗಿ ಕೈಜಾರಿ ಬಿದ್ದು ಇಲ್ಲವೇ ನೀರು ಹೊಕ್ಕು. ಅದಕ್ಕೆ ಬೇಕಿರುವುದು ಡ್ಯಾಮೇಜ್ ಪ್ರೊಟೆಕ್ಷನ್, ಎರಡೂ ಬೇರೆ ಬೇರೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಇಯರ್‌ಫೋನ್‌ಗೆ ಯೋಚನೆಯೇ ಬೇಡ.

ಷರತ್ತುಗಳಲ್ಲಿ ನಿಮ್ಮ ಊರನ್ನು ಹುಡುಕಿ

ಇದು ಅತಿ ಮುಖ್ಯ ಹೆಜ್ಜೆ. ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಪಟ್ಟಿಯನ್ನು ಸಾವಧಾನವಾಗಿ ಓದಿ. ವೋಲ್ಟೇಜ್ ಏರಿಳಿತ, ಸಿಡಿಲು, ತುಕ್ಕು, ಇಲಿ–ಹಲ್ಲಿ–ಜಿರಳೆ ಕಾಟ, ಗಾಜು ಮತ್ತು ಪ್ಲಾಸ್ಟಿಕ್ ಭಾಗಗಳು, ರಿಮೋಟ್ ಇವೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ನಮ್ಮಲ್ಲಿ ಯಂತ್ರಗಳನ್ನು ಕೆಡಿಸುವುದೂ ಇವೇ! ಮಲೆನಾಡಿನಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ಟಿವಿ ಸುಡುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಎಸಿಯ ಹೊರಘಟಕದ ಕಾಯಿಲ್ ತುಕ್ಕು ಹಿಡಿಯುತ್ತದೆ. ಕೋಲಾರದ ಕಡೆಯ ಬೋರ್‌ವೆಲ್ ಗಡಸು ನೀರಿಗೆ ಗೀಸರ್‌ನ ಹೀಟರ್ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಎಸಿಯ ಹೊರಘಟಕ ಬಿಚ್ಚಿದರೆ ಬೋರ್ಡ್‌ನ ಎರಡು ಟರ್ಮಿನಲ್‌ಗಳ ನಡುವೆ ಕರಕಲಾದ ಹಲ್ಲಿ ಅಂಟಿಕೊಂಡಿರುವುದು ಮೆಕ್ಯಾನಿಕ್‌ಗಳಿಗೆ ಹೊಸದಲ್ಲ. ಅಂಥ ಬೋರ್ಡ್ ‘ಬಾಹ್ಯ ಕಾರಣ’ದ ಲೆಕ್ಕಕ್ಕೆ ಹೋಗಬಹುದು. ವೋಲ್ಟೇಜ್ ತೊಂದರೆಯಿರುವ ಊರಾದರೆ ಅದೇ ಮೂರು ಸಾವಿರವನ್ನು ಒಳ್ಳೆಯ ಸ್ಟೆಬಿಲೈಜರ್‌ಗೆ, ಸರಿಯಾದ ಅರ್ಥಿಂಗ್‌ಗೆ ಹಾಕುವುದು ಮೇಲು.

ಇನ್ನು ಕೆಲವು ಪ್ರಶ್ನೆಗಳಿಗೆ ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಈ ವಾರಂಟಿ ಕೊಡುತ್ತಿರುವುದು ತಯಾರಕರೋ, ಅಂಗಡಿಯೋ, ಮೂರನೆಯ ಕಂಪನಿಯೋ? ‘ಮೂರು ವರ್ಷ’ದಲ್ಲಿ ಮೊದಲ ಉಚಿತ ವರ್ಷವೂ ಸೇರಿದೆಯೋ? ರಿಪೇರಿ ಆಗದಿದ್ದರೆ ಕೊಂಡ ಬೆಲೆ ಕೊಡುತ್ತಾರೋ, ಸವಕಳಿ ಕಳೆದು ಕೊಡುತ್ತಾರೋ? ತೀರ್ಥಹಳ್ಳಿಯ ಮನೆಗೆ ಶಿವಮೊಗ್ಗದಿಂದ ಮೆಕ್ಯಾನಿಕ್ ಬರಬೇಕಾದರೆ ಓಡಾಟದ ಖರ್ಚು ಯಾರದು? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಸಣ್ಣ ಊರಿನವರು ಈ ವಾರಂಟಿ ಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ಬಿಲ್ ನೋಡಿ, ಆಮೇಲೆ ಹಣ ಕೊಡಿ

ಇಎಂಐ ಪಡೆಯುವಾಗ ಸಾಲದ ಮೊತ್ತದಲ್ಲಿ ವಾರಂಟಿ ಹಣವೂ ಸೇರಿಕೊಂಡಿದೆಯೇ ನೋಡಿ, ಸೇರಿದ್ದರೆ ತೆಗೆಸಿ. ಆನ್‌ಲೈನ್‌ನಲ್ಲಿ ನೀವು ಕೇಳದೆಯೇ ಇಂಥದ್ದನ್ನು ಬುಟ್ಟಿಗೆ ಸೇರಿಸುವುದು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿತಪ್ಪಿಸುವ ತಂತ್ರಗಳ) ಮಾರ್ಗಸೂಚಿಯ ಪ್ರಕಾರ ನಿಷಿದ್ಧ.

ಬೇಡ ಎಂದು ನಿರ್ಧರಿಸಿದರೆ ಆ ಹಣ ಖರ್ಚಾಗಲು ಬಿಡಬೇಡಿ. ಫ್ರಿಜ್, ಟಿವಿ, ವಾಷಿಂಗ್ ಮಷಿನ್, ಎಸಿ ನಾಲ್ಕರ ವಾರಂಟಿ ಹಣ ಸೇರಿದರೆ ಹನ್ನೆರಡು–ಹದಿನೈದು ಸಾವಿರವಾಗುತ್ತದೆ. ಅದನ್ನು ಬೇರೆಯೇ ಒಂದು ಖಾತೆಯಲ್ಲಿಡಿ, ಯಾವುದು ಕೆಟ್ಟರೂ ಅದರಿಂದಲೇ ರಿಪೇರಿ ಮಾಡಿಸಬಹುದು.

ಕೊಂಡರೆ, ಪ್ರಮಾಣಪತ್ರದ ಸೀರಿಯಲ್ ನಂಬರ್ ಯಂತ್ರದ ಮೇಲಿನ ನಂಬರ್‌ಗೆ ತಾಳೆಯಾಗುತ್ತದೆಯೇ ಅಂದೇ ನೋಡಿ. ಥರ್ಮಲ್ ಕಾಗದದ ಬಿಲ್‌ನ ಅಕ್ಷರ ಮಾಸಿಹೋಗುತ್ತದೆ. ಫೋಟೊ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ.

ವಾರಂಟಿ ಇದ್ದೂ ರಿಪೇರಿಗೆ ಒಪ್ಪದಿದ್ದರೆ ಕಾರಣವನ್ನು ಬರೆದುಕೊಡಲು ಹೇಳಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇ–ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಲು ಸಾಧ್ಯ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.