ಡೊಂಬಿವಲಿಯ ಒಂದುಗಳು

ಡೊಂಬಿವಲಿಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರಿಗೆ ಒಂದು ಅನುಕೂಲವಿದೆ; ಊರಿನ ಸ್ಟೇಷನ್ನೇ ಗಣಿತದೊಳಗೆ ಸೇರಿಕೊಂಡಿದೆ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಹೈಸ್ಕೂಲು ಓದಿ, ದೇವಳಾಲಿಯಲ್ಲಿ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಒಂದು ಬಗೆಯ ಸಂಖ್ಯೆಗಳಿಗೆ ‘ಡೆಮ್ಲೊ’ ಎಂದು ಹೆಸರಿಟ್ಟರು. ಆ ಯೋಚನೆ ಹೊಳೆದದ್ದು ಜಿ.ಐ.ಪಿ. ರೈಲ್ವೆಯ ಡೆಮ್ಲೊ ಸ್ಟೇಷನ್ನಿನಲ್ಲಿ, ಅಂದರೆ ಇಂದಿನ ಡೊಂಬಿವಲಿಯಲ್ಲಿ. ಅಪ್ಪ ದಿನಾ ಫಾಸ್ಟ್ ಲೋಕಲ್ ಹಿಡಿಯಲು ಓಡುವ ಜಾಗ ಅದು ಅಂದರೆ ಸಾಕು, ನಾಲ್ಕನೇ ಇಯತ್ತೆಯ ಪೋರರೂ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ.

ಸಂಜೆ ನಮ್ಮ ಮನೆಗೆ ಬರುವ ಕನ್ನಡದ ಮಕ್ಕಳಿಗೆ ಅಪವರ್ತನ, ಅಪವರ್ತ್ಯ ಅಂದರೇನೆಂದು ನಾನು ಮೊದಲು ಹೇಳುವುದಿಲ್ಲ. ಹುಣಸೆಬೀಜ ಸುರಿದು ಸಮ ಸಾಲುಗಳಲ್ಲಿ ಜೋಡಿಸಿ ಅನ್ನುತ್ತೇನೆ. ಹನ್ನೆರಡು ಬೀಜ ಮೂರು ಸಾಲಿಗೂ ಒಪ್ಪುತ್ತದೆ, ಎರಡಕ್ಕೂ ಒಪ್ಪುತ್ತದೆ. ಹದಿಮೂರು ಒಂದೇ ಸಾಲಲ್ಲಿ ಕೂತು ಕದಲುವುದಿಲ್ಲ. ‘ಹಟಮಾರಿ’ ಅಂತ ಮಕ್ಕಳೇ ಹೆಸರಿಡುತ್ತಾರೆ. ಅವಿಭಾಜ್ಯ ಅನ್ನುವುದು ಆಮೇಲೆ ಬಂದರೂ ನಡೆಯುತ್ತದೆ.

ನಂತರ ಒಂದುಗಳು; ಡೆಮ್ಲೊ ಸಂಖ್ಯೆಗಳು ಸಿಗುವುದು ಇವನ್ನು ಗುಣಿಸಿದಾಗ. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. ನಾಲ್ಕು ಒಂದುಗಳಿಗೆ ಗುಣಿಸದೆಯೇ 1234321 ಎಂದು ಕೂಗುತ್ತಾರೆ. ಕೂಗಲಿ, ಆದರೆ ಮಾಡಿ ನೋಡಲೇಬೇಕು, ನನ್ನ ಕಟ್ಟುನಿಟ್ಟು ಇದೊಂದೇ. ಒಂಬತ್ತು ಒಂದುಗಳವರೆಗೆ ಮೆಟ್ಟಿಲು ಹತ್ತಿ ಇಳಿದಂತೆ ಸಲೀಸು. ಹತ್ತು ಒಂದುಗಳಿಗೆ ಬರುವುದು 1234567900987654321. ಎಡಗಡೆಯ ಎಂಟು ಎಲ್ಲಿ ಹೋಯಿತು? ನಡುವಿನ ಸ್ಥಾನದಲ್ಲಿ ಹತ್ತು ಬಂತು, ಸೊನ್ನೆ ಬರೆದು ಕೈಲಿ ಒಂದು, ಅದು ಎಡಗಡೆಯ ಒಂಬತ್ತನ್ನು ಹತ್ತು ಮಾಡಿತು, ಮತ್ತೆ ಕೈಲಿ ಒಂದು, ಎಂಟು ಒಂಬತ್ತಾಯಿತು. ‘ಕೈಲಿ ಒಂದು’ ಯಾಕೆ ಅನ್ನುವುದು ಮಾದರಿ ಕೈಕೊಟ್ಟ ಈ ಜಾಗದಲ್ಲಿ ಅರ್ಥವಾದಷ್ಟು ಬೇರೆಲ್ಲೂ ಆಗಿದ್ದನ್ನು ನಾನು ಕಂಡಿಲ್ಲ.

111 ಹಟಮಾರಿಯೇ ಅಂತ ಕೇಳಿದರೆ ಹೌದು ಅನ್ನುವವರೇ ಹೆಚ್ಚು. ಅಂಕಿಗಳನ್ನು ಕೂಡಿಸಿದರೆ ಮೂರು, ಹಾಗಾಗಿ ಮೂರರಿಂದ ಭಾಗ ಹೋಗುತ್ತದೆ: ಮೂರು ಮೂವತ್ತೇಳಲಿ 111. ಅಲ್ಲಿಂದ 37ರ ಬೆನ್ನು ಹತ್ತುತ್ತಾರೆ: ಆರರಿಂದ ಗುಣಿಸಿದರೆ 222, ಒಂಬತ್ತರಿಂದ 333. ಮಗ್ಗಿ ಬಾಯಿಪಾಠ ಬೇಡ ಅನ್ನುವವಳಲ್ಲ ನಾನು, ಅದು ಬಾರದವರಿಗೆ 37 ಸಿಕ್ಕುವುದೇ ಇಲ್ಲ.

ಏಳರ ಮಗ್ಗಿಯಲ್ಲಿ ಬರೀ ಒಂದುಗಳ ಸಂಖ್ಯೆ ಬರುತ್ತದಾ ಎಂದು ಒಬ್ಬಳು ಕೇಳಿದಳು. ನಾನು ಬಾಯಿ ಬಿಡಲಿಲ್ಲ. ಒಂದೊಂದೇ ಒಂದನ್ನು ಇಳಿಸಿಕೊಂಡು ಭಾಗಿಸುತ್ತಾ ಹೋದಳು. ಆರನೆಯದಕ್ಕೆ ಶೇಷ ಸೊನ್ನೆ, ಭಾಗಲಬ್ಧ 15873. ಕಲ್ಯಾಣದಿಂದ ಬರುವ ಹುಡುಗನೊಬ್ಬ, ಹಾಗಾದರೆ ಹನ್ನೆರಡು ಒಂದುಗಳೂ ಏಳರಿಂದ ಭಾಗ ಹೋಗುತ್ತವೆ ಅಂದ. ಭಾಗಿಸಿ ನೋಡು ಅಂದೆ. ‘ಯಾಕೆ ಮೇಡಂ, ಅದೇ ಆರು ಎರಡು ಸಲ ಬಂದಿದೆ ಅಷ್ಟೇ.’