ಚರ್ಮದ ಕ್ಯಾನ್ಸರ್: ಕತ್ತರಿ ಹಾಕಿಸುವ ಮುನ್ನ ಏಳು ಪಾಠಗಳು

ಮುಂಬಯಿಯ ಉಪನಗರದಲ್ಲಿ ಚರ್ಮರೋಗ ವೈದ್ಯನಾಗಿ ದುಡಿಯುತ್ತ ಕಲಿತ ಪಾಠಗಳಿವು. ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಹಾಗಾಗಿಯೇ ಅದರ ಅನುಮಾನವೂ ತಡವಾಗಿ ಬರುತ್ತದೆ. ಪತ್ತೆಯಾದ ಮೇಲಂತೂ ಒಬ್ಬೊಬ್ಬ ತಜ್ಞರು ಒಂದೊಂದು ಮಾತು ಹೇಳಿದಂತಾಗಿ ಮನೆಯವರು ಕಂಗಾಲಾಗುತ್ತಾರೆ.

1. ಯಾವ ಬಗೆ ಎಂದು ಮೊದಲು ಕೇಳಿ. ಬೇಸಲ್ ಸೆಲ್ ಕ್ಯಾನ್ಸರ್ ಹೆಚ್ಚಾಗಿ ಮುಖದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ನಮ್ಮ ಮೈಬಣ್ಣದವರಲ್ಲಿ ಅದು ಕಪ್ಪಾಗಿ, ಮಚ್ಚೆಯಂತೆ ಕಾಣುವುದುಂಟು. ದೂರ ಹರಡುವುದು ಅಪರೂಪ, ಆದರೆ ಮೂಗು, ಕಣ್ರೆಪ್ಪೆಯನ್ನು ತಿನ್ನುತ್ತ ಹೋಗುತ್ತದೆ. ಸ್ಕ್ವೇಮಸ್ ಸೆಲ್ ಬಗೆಯದು ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಹುಟ್ಟಬಹುದು. ಮೆಲನೋಮ ಅಪರೂಪದ್ದು, ಮೂರರಲ್ಲಿ ಅತ್ಯಂತ ಅಪಾಯಕಾರಿ. ನಮ್ಮವರಲ್ಲಿ ಅದನ್ನು ಅಂಗಾಲು, ಅಂಗೈ, ಉಗುರಿನಡಿ ಹುಡುಕಬೇಕು.

2. ಬಯಾಪ್ಸಿಯ ತುಣುಕನ್ನು ಪರೀಕ್ಷಿಸುವ ಪೆಥಾಲಜಿಸ್ಟರ ವರದಿಯೇ ಬುನಾದಿ. ರೋಗಿ ಅವರ ಮುಖ ನೋಡುವುದೇ ಇಲ್ಲ, ಆದರೂ ಮುಂದಿನ ಎಲ್ಲ ತೀರ್ಮಾನ ಅವರ ಮಾತಿನ ಮೇಲೆ ನಿಂತಿದೆ. ಮೆಲನೋಮ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆ ಆ ತುಣುಕಿನ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆದುಕೊಳ್ಳಿ. ಬಯಾಪ್ಸಿ ಮಾಡದೆ ಮಚ್ಚೆಯನ್ನು ಸುಡಿಸಬೇಡಿ, ಸುಟ್ಟರೆ ಸಾಕ್ಷ್ಯವೇ ಹೋಗುತ್ತದೆ.

3. ಉಡುಗೆ, ಕೆಲಸ, ಹಳೆಯ ಗಾಯ, ಎಲ್ಲವನ್ನೂ ಹೇಳಿ. ಧೋತರ ಬಿಗಿಯುವ ಸೊಂಟದ ಜಾಗದಲ್ಲಿ ಹುಟ್ಟುವ ಕ್ಯಾನ್ಸರ್ ಬಗ್ಗೆ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಬರೆದರು. ಖಾನೋಲ್ಕರ್ ನಮ್ಮ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪೆಥಾಲಜಿಸ್ಟರಾಗಿದ್ದರು. ಲಂಗದ ಲಾಡಿ ಉಜ್ಜಿದ ಜಾಗದ ಹುಣ್ಣಿಗೂ ಇದೇ ಎಚ್ಚರ ಬೇಕು.

4. ಸರ್ಜನ್ ಸುತ್ತಲಿನ ಒಳ್ಳೆಯ ಚರ್ಮವನ್ನೂ ತೆಗೆಯುತ್ತಾರೆ. ಅಪಾಯ ಕಡಿಮೆಯಿರುವ ಬೇಸಲ್ ಸೆಲ್ ಗಂಟಿಗೆ ಸುಮಾರು 4 ಮಿ.ಮೀ. ಅಂಚು ಸಾಕಾಗುತ್ತದೆ. 2 ಮಿ.ಮೀ.ಗಿಂತ ದಪ್ಪದ ಮೆಲನೋಮಕ್ಕೆ 2 ಸೆಂ.ಮೀ. ಬೇಕು. "ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಗಾಯವೇ?" ಎಂದು ಹೆದರಬೇಡಿ. ಅಂಚಿನಲ್ಲಿ ರೋಗ ಉಳಿದರೆ ಮತ್ತೆ ಮೇಜು ಹತ್ತಬೇಕಾಗುತ್ತದೆ.

5. ಪ್ಲಾಸ್ಟಿಕ್ ಸರ್ಜನರನ್ನು ಮೊದಲೇ ಕಾಣಿ. ಮೂಗು, ತುಟಿ, ಕಿವಿಯ ಗಂಟಾದರೆ ಗಾಯ ಮುಚ್ಚುವ ಬಗೆ ಆಪರೇಷನ್ನಿಗೆ ಮುಂಚೆಯೇ ತೀರ್ಮಾನವಾಗಬೇಕು. ರೆಪ್ಪೆಯದಾದರೆ ಕಣ್ಣಿನ ಸರ್ಜನ್ನರೂ ಜೊತೆಗಿರಲಿ. ಮುಖದ ಅಂದಕ್ಕಾಗಿ ಅಂಚು ಕಡಿಮೆ ಮಾಡಿಸಬೇಡಿ.

6. ಕರೆಂಟು (ವಿಕಿರಣ ಚಿಕಿತ್ಸೆ), ಔಷಧಿ ಎಲ್ಲರಿಗೂ ಬೇಕಿಲ್ಲ. ವಯಸ್ಸಾಗಿ ಆಪರೇಷನ್ ತಡೆಯಲಾರದವರಿಗೆ ವಿಕಿರಣ ಒಳ್ಳೆಯ ದಾರಿ. ರೋಗ ನರದ ಸುತ್ತ ಹಬ್ಬಿದ್ದರೆ ಆಪರೇಷನ್ ನಂತರವೂ ಅದು ಬೇಕಾದೀತು. ಅದಕ್ಕೆ ವಾರಗಟ್ಟಲೆ ಓಡಾಟವಿದೆ. ವಿರಾರ್, ಕಲ್ಯಾಣದಿಂದ ಲೋಕಲ್ ಹತ್ತಿ ಪರೇಲಿಗೆ ಬರುವ ಮುದುಕರ ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ವೈದ್ಯರಿಗೆ ಹೇಳಿ. ಬೇಸಲ್ ಸೆಲ್ ರೋಗ ಹೆಚ್ಚಿನವರಲ್ಲಿ ಆಪರೇಷನ್ನಿಗೇ ಮುಗಿಯುತ್ತದೆ. ಹರಡಿದ ಮೆಲನೋಮಕ್ಕೆ 2011ರಿಂದೀಚೆ ಬಂದ ಇಮ್ಯುನೋಥೆರಪಿ ಹಲವರ ಆಯುಷ್ಯ ಹೆಚ್ಚಿಸಿದೆ, ಆದರೆ ದುಬಾರಿ. ಮನೆ ಅಡವಿಡುವ ಮೊದಲು ಲಾಭವೆಷ್ಟು ಎಂದು ಕೇಳಿ, ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನೂ ಕಾಣಿ.

7. ಎಲ್ಲರೂ ಒಟ್ಟಿಗೆ ಕೂತು ನಿರ್ಧರಿಸಲಿ. ತಜ್ಞರ ಮಾತು ಬೇರೆಬೇರೆಯಾದರೆ ಯಾರೋ ತಪ್ಪು ಹೇಳುತ್ತಿದ್ದಾರೆ ಎಂದಲ್ಲ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹತ್ಯಾರವಿದೆ. ಅವುಗಳ ಸರದಿ ನಿಶ್ಚಯಿಸಲು ಟ್ಯೂಮರ್ ಬೋರ್ಡ್ ಸಭೆ ಇದೆ. 1941ರಲ್ಲಿ ಆರಂಭವಾದ ಟಾಟಾ ಆಸ್ಪತ್ರೆಯಲ್ಲಿ ಈಗ ಒಂದೊಂದು ಬಗೆಯ ಕ್ಯಾನ್ಸರಿಗೂ ತಜ್ಞರ ಗುಂಪಿದೆ. ನೀವು ಎಲ್ಲೇ ಇರಿ, "ನಮ್ಮ ಕೇಸು ಬೋರ್ಡಿನಲ್ಲಿ ಚರ್ಚೆಯಾಯಿತೇ?" ಎಂದು ಕೇಳಲು ಸಂಕೋಚ ಬೇಡ.

ಚಿಕಿತ್ಸೆ ಮುಗಿದ ಮೇಲೂ ಚರ್ಮದ ವೈದ್ಯರ ಬಳಿ ತಪ್ಪದೆ ಬನ್ನಿ. ಒಮ್ಮೆ ಬಂದವರಿಗೆ ಬೇರೆಡೆ ಮತ್ತೊಂದು ಬರಬಹುದು. ಒಂದು ತಿಂಗಳಾದರೂ ಮಾಯದ ಹುಣ್ಣು, ಅಂಗಾಲಿನಲ್ಲಿ ಬೆಳೆಯುವ ಕಪ್ಪು ಕಲೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಇವುಗಳಲ್ಲಿ ಯಾವುದು ಕಂಡರೂ ಮುಲಾಮು ಬದಲಿಸುತ್ತ ಕೂರಬೇಡಿ, ಈ ವಾರವೇ ತೋರಿಸಿ.